ಕಿವಿ ಒಣಗಿದ ಮೇಲೆ



ನಮ್ಮ ಕನ್ನಡ ಶಾಲೆಯ ಪೋಷಕರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯ ಹಿರಿಯರಿಗೆ, ಮಕ್ಕಳಿಗೆ ಕಿವಿಯ ಆಪರೇಷನ್ ಆಗಬೇಕು ಅಂತ ಡಾಕ್ಟರು ಹೇಳಿದರೆ ಈಗೀಗ ನನಗೊಂದು ಫೋನ್ ಬರುತ್ತದೆ. ಕಳೆದ ಒಂದು ವರ್ಷದಲ್ಲಿ ಹಾಗೆ ನಾಲ್ಕು ಫೋನ್ ಬಂದವು. ನಾಲ್ವರೂ ಕೇಳಿದ್ದು ಒಂದೇ ಪ್ರಶ್ನೆ: "ಆಪರೇಷನ್ ಆದಮೇಲೆ ನಿಮಗೆ ಸರಿಯಾಗಿ ಕೇಳಿಸುತ್ತಾ?"

ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ. ಆದರೆ ಅಷ್ಟು ಹೇಳಿ ಫೋನ್ ಇಟ್ಟರೆ ಅವರಿಗೆ ಬೇಕಾದ ವಿಷಯ ಹೇಳಿದಂತಾಗುವುದಿಲ್ಲ. ಆಪರೇಷನ್ ಆದವರ ಬದುಕಿನಲ್ಲಿ ಕೇಳಿಸುವುದು ಒಂದು ಭಾಗ ಮಾತ್ರ. ಸ್ನಾನ, ನಿದ್ದೆ, ಊಟದ ರುಚಿ, ಜನರ ನಡುವೆ ಕೂರುವುದು, ಮನೆಯವರ ಜೊತೆಗಿನ ಮಾತು, ಎಲ್ಲವೂ ಕಿವಿಯ ಜೊತೆ ಬದಲಾಗುತ್ತವೆ. ಹಾಗಾಗಿ ಒಮ್ಮೆ ವಿವರವಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ. ನಾನು ವೈದ್ಯೆ ಅಲ್ಲ. ರೋಗಿಯಾಗಿ ಅನುಭವಿಸಿದ್ದು, ಡಾಕ್ಟರನ್ನು ಕೇಳಿ ತಿಳಿದದ್ದು, ಆಮೇಲೆ ಓದಿಕೊಂಡದ್ದು ಇಷ್ಟನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ಬಲಗಿವಿ ಸೋರಲು ಶುರುವಾದದ್ದು ಐದಾರು ವರ್ಷದವಳಿದ್ದಾಗ. ಕರಾವಳಿಯ ಮಳೆಗಾಲ, ಮುಗಿಯದ ನೆಗಡಿ, ಕೆರೆಯ ಈಜು. ಆಗ ಮನೆಮನೆಯಲ್ಲೂ ಒಂದು ಸೋರುವ ಕಿವಿ ಇರುತ್ತಿತ್ತು, ಯಾರೂ ಅದನ್ನು ದೊಡ್ಡ ಕಾಯಿಲೆ ಅಂತ ತಿಳಿಯುತ್ತಿರಲಿಲ್ಲ. ಔಷಧ ಹಾಕಿದರೆ ಒಂದು ತಿಂಗಳು ಒಣಗಿರುತ್ತಿತ್ತು, ಮತ್ತೆ ನೆಗಡಿಯಾದರೆ ಮತ್ತೆ ಸೋರುತ್ತಿತ್ತು. ಮದುವೆಯಾಗಿ ಕುವೈತಿಗೆ ಬಂದು ರುಮೈಥಿಯಾದ ಒಂದು ವಿಲ್ಲಾದ ಮೇಲಿನ ಮಹಡಿಯಲ್ಲಿ ಸಂಸಾರ ಹೂಡಿದ ಮೇಲೂ ಅದು ನನ್ನ ಜೊತೆಗೇ ಇತ್ತು. ಇಲ್ಲಿ ಮಳೆಯಿಲ್ಲ, ಆದರೆ ತೋಝ್ ಎದ್ದ ದಿನ ಮೂಗು ಕಟ್ಟುತ್ತದೆ. ಬೇಸಿಗೆಯಲ್ಲಿ ಹೊರಗೆ ಐವತ್ತು ಡಿಗ್ರಿ, ಒಳಗೆ ಏಸಿಯ ಚಳಿ. ಮೂಗು ಕಟ್ಟಿದರೆ ಕಿವಿಗೆ ಸುದ್ದಿ ಹೋಗಲು ಹೆಚ್ಚು ಹೊತ್ತು ಬೇಡ.

ಇದಕ್ಕೆ ಕಾರಣ ನಡುಗಿವಿಯ ರಚನೆಯಲ್ಲೇ ಇದೆ. ಕಿವಿಯ ತಮಟೆ ಸುಮಾರು 9 ಮಿಲಿಮೀಟರ್ ಅಗಲದ, 0.1 ಮಿಲಿಮೀಟರ್ ದಪ್ಪದ ಪೊರೆ. ಅದರ ಹಿಂದಿನ ಗಾಳಿ ತುಂಬಿದ ಪುಟ್ಟ ಕೋಣೆಯೇ ನಡುಗಿವಿ. ಅದರಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಮೂಳೆಗಳು ಒಂದಕ್ಕೊಂದು ಕೊಂಡಿಯಾಗಿ ನಿಂತಿವೆ. ರಿಕಾಪು ನಮ್ಮ ಇಡೀ ದೇಹದಲ್ಲೇ ಚಿಕ್ಕ ಮೂಳೆ, ಎತ್ತರ ಸುಮಾರು 3 ಮಿಲಿಮೀಟರ್. ತಮಟೆಯ ವಿಸ್ತಾರ ರಿಕಾಪಿನ ತಳಕ್ಕಿಂತ ಸುಮಾರು 17 ಪಟ್ಟು ದೊಡ್ಡದು. ದೊಡ್ಡ ಪೊರೆಯ ಮೇಲೆ ಬಿದ್ದ ಬಲ ಚಿಕ್ಕ ಜಾಗಕ್ಕೆ ಸೇರುವುದರಿಂದ ಅದಕ್ಕೆ ಒಳಗಿವಿಯ ದ್ರವವನ್ನು ಅಲುಗಿಸುವ ಶಕ್ತಿ ಬರುತ್ತದೆ. ಈ ಕೋಣೆಗೆ ಗಾಳಿ ಬರುವುದು ಮೂಗಿನ ಹಿಂಭಾಗದಿಂದ ಹೊರಡುವ ಒಂದು ನಳಿಗೆಯಿಂದ. ಮಕ್ಕಳಲ್ಲಿ ಆ ನಳಿಗೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತದೆ. ಆದ್ದರಿಂದಲೇ ನೆಗಡಿ ಸುಲಭವಾಗಿ ಕಿವಿಗೆ ಹತ್ತುತ್ತದೆ. ಪದೇ ಪದೇ ಕೀವಾದರೆ ತಮಟೆಯ ತೂತು ಮುಚ್ಚುವುದೇ ಇಲ್ಲ, ಮೂಳೆಯೂ ಸವೆಯುತ್ತದೆ. ನನಗೆ ಆದದ್ದು ಅದೇ. ತಮಟೆಯಲ್ಲಿ ದೊಡ್ಡ ತೂತು, ಅಡಿಗಲ್ಲಿನ ತುದಿ ಕರಗಿಹೋಗಿ ಕೊಂಡಿ ಕಳಚಿತ್ತು.

ಇಲ್ಲಿ ಕಿವಿ, ಮೂಗು, ಗಂಟಲಿಗಾಗಿಯೇ ಸಬಾಹ್ ವೈದ್ಯಕೀಯ ವಲಯದಲ್ಲಿ ಝೈನ್ ಆಸ್ಪತ್ರೆ ಇದೆ, ಬೇಕಾದವರು ವಿಚಾರಿಸಬಹುದು. ಆಪರೇಷನ್ ಆದಮೇಲೆ ನೋಡಿಕೊಳ್ಳಲು ಅಮ್ಮ ಇದ್ದಾರೆ ಅನ್ನುವ ಕಾರಣಕ್ಕೆ ನಾನು ಬೇಸಿಗೆ ರಜೆಯಲ್ಲಿ ಊರಿನಲ್ಲಿ ಮಾಡಿಸಿಕೊಂಡೆ. ಡಾಕ್ಟರು ಹಿಂದಿನ ದಿನ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: "ನಮ್ಮ ಲೆಕ್ಕದಲ್ಲಿ ಮೊದಲನೆಯದು ಅಪಾಯವಿಲ್ಲದ ಕಿವಿ, ಎರಡನೆಯದು ಒಣಗಿದ ಕಿವಿ, ಮೂರನೆಯದು ಕೇಳುವ ಕಿವಿ." ಈ ಮಾತನ್ನು ನೀವೂ ನೆನಪಿಡಿ. ಕೆಲವರ ನಡುಗಿವಿಯೊಳಗೆ ಚರ್ಮ ಬೆಳೆದು ಗಂಟಾಗಿ ಮೂಳೆಯನ್ನೇ ತಿನ್ನುತ್ತದೆ. ಅದಕ್ಕೆ ಕೊಲೆಸ್ಟಿಯಟೋಮ ಅನ್ನುತ್ತಾರೆ. ಬಿಟ್ಟರೆ ಅದು ಮುಖದ ನರಕ್ಕೆ, ಮಿದುಳಿನ ಹತ್ತಿರಕ್ಕೂ ಹೋಗಬಹುದು. ಅಂಥವರಲ್ಲಿ ಕೇಳುವ ಶಕ್ತಿ ಹೆಚ್ಚದಿದ್ದರೂ ಆಪರೇಷನ್ ಗೆದ್ದಂತೆಯೇ.

ನನ್ನದು ಅಷ್ಟು ದೂರ ಹೋಗಿರಲಿಲ್ಲ. ಕಿವಿಯ ಹಿಂದೆ ಕೊಯ್ದು, ಅಲ್ಲೇ ಮೇಲಿರುವ ಸ್ನಾಯುವಿನ ಹೊದಿಕೆಯಿಂದ ಒಂದು ತೇಪೆ ತೆಗೆದು ತಮಟೆಗೆ ಹಚ್ಚಿದರು. ಕಳಚಿದ ಕೊಂಡಿಯ ಜಾಗಕ್ಕೆ ಟೈಟಾನಿಯಮ್ಮಿನ ಒಂದು ಚೂರು ಇಟ್ಟರು. ಇದೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಮಾಡುವ ಕೆಲಸ. ತಮಟೆಯನ್ನು, ಮೂಳೆಯ ಸರಪಳಿಯನ್ನು ಮತ್ತೆ ಕಟ್ಟುವ ವಿದ್ಯೆಗೆ 1950ರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೊಲ್ನರ್ ಒಂದು ಕ್ರಮ ಹಾಕಿಕೊಟ್ಟರು. 1956ರಲ್ಲಿ ಅಮೆರಿಕದ ಜಾನ್ ಶೇ ಗಟ್ಟಿಯಾಗಿ ಸಿಕ್ಕಿಕೊಂಡ ರಿಕಾಪನ್ನು ತೆಗೆದು ಟೆಫ್ಲಾನಿನ ರಿಕಾಪು ಇಟ್ಟರು. ನಮ್ಮ ಅಜ್ಜಿಯಂದಿರ ಕಾಲಕ್ಕೆ ಈ ಅನುಕೂಲ ಇರಲಿಲ್ಲ ಅನ್ನುವುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಮೊದಲ ವಾರಗಳ ಬಗ್ಗೆ ಯಾರೂ ಮುಂಚೆ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಬ್ಯಾಂಡೇಜ್ ಬಿಚ್ಚಿದ ದಿನ ಕೇಳಿಸುತ್ತದೆ ಅಂತ ಕಾಯಬೇಡಿ. ಕಿವಿಯೊಳಗೆ ತುಂಬಿದ ಮದ್ದಿನ ಸ್ಪಂಜು ಕರಗುವವರೆಗೆ ಮೊದಲಿಗಿಂತಲೂ ಮಂದವಾಗಿರುತ್ತದೆ. ಒಳಗೆ ಟಪ್ ಟಪ್ ಅನ್ನುತ್ತದೆ, ನೀರು ಹರಿದಂತಾಗುತ್ತದೆ. ಕಿವಿಯ ಮೇಲ್ಭಾಗ ಜೋಮು ಹಿಡಿದಂತೆ ಇರುತ್ತದೆ. ಕನ್ನಡಕದ ಕಡ್ಡಿ ಕಿವಿಗೆ ಕೂತಿದೆಯೋ ಇಲ್ಲವೋ ಅಂತ ನಾನು ಎರಡು ತಿಂಗಳು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಎದ್ದು ನಿಂತಾಗ ತಲೆ ತಿರುಗಬಹುದು. ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಕೊಡ ಎತ್ತುವಂತಿಲ್ಲ, ಕಿವಿಗೆ ನೀರು ಸೋಕುವಂತಿಲ್ಲ.

ಇನ್ನೊಂದು ವಿಚಿತ್ರ ರುಚಿಯದು. ನಾಲಿಗೆಯ ಮುಂಭಾಗಕ್ಕೆ ರುಚಿ ತಿಳಿಸುವ ನರ ನಡುಗಿವಿಯೊಳಗಿಂದ, ಮೂಳೆಗಳ ಪಕ್ಕದಲ್ಲೇ ಹಾದುಹೋಗುತ್ತದೆ. ಆಪರೇಷನ್ನಿನಲ್ಲಿ ಅದಕ್ಕೆ ಸ್ವಲ್ಪ ಎಳೆತ ಬಿದ್ದರೂ ಬಾಯಿಗೆ ಲೋಹದ ರುಚಿ ಬರುತ್ತದೆ. ನನಗೆ ಮೂರು ತಿಂಗಳು ಅಮ್ಮನ ಸಾರು ಕೂಡ ಸ್ಟೀಲು ಚಮಚ ನೆಕ್ಕಿದಂತೆ ಅನ್ನಿಸಿತು. "ಉಪ್ಪು ಹೆಚ್ಚಾಯ್ತಾ, ಹುಳಿ ಹೆಚ್ಚಾಯ್ತಾ" ಅಂತ ಅಮ್ಮ ದಿನಾ ಕೇಳುತ್ತಿದ್ದರು. ಆಮೇಲೆ ನಿಧಾನವಾಗಿ ಸರಿಹೋಯಿತು. ಕೆಲವರಿಗೆ ಇನ್ನೂ ಹೆಚ್ಚು ಸಮಯ ಹಿಡಿಯಬಹುದು.

ವಿಮಾನದ ವಿಷಯ ನಮ್ಮಂಥವರಿಗೆ ಮುಖ್ಯ. ಏರುವಾಗ ಇಳಿಯುವಾಗ ನಡುಗಿವಿಯ ಮೇಲಿನ ಒತ್ತಡ ಬದಲಾಗುತ್ತದೆ, ಹಸಿ ತೇಪೆಗೆ ಅದು ಒಳ್ಳೆಯದಲ್ಲ. ಡಾಕ್ಟರು ಪರೀಕ್ಷಿಸಿ ಒಪ್ಪಿಗೆ ಕೊಡುವವರೆಗೆ ಹಾರುವಂತಿಲ್ಲ. ನನಗೆ ಒಪ್ಪಿಗೆ ಸಿಕ್ಕಿದ್ದು ಏಳನೇ ವಾರದಲ್ಲಿ. ನಮ್ಮ ಮನೆಯವರ ರಜೆ ಮೂವತ್ತು ದಿನ. ಅವರು, ಮಗಳು ಮೊದಲೇ ಹೊರಟರು, ನಾನು ಉಳಿದೆ. ರಜೆಯ ಕೊನೆಯ ವಾರಕ್ಕೆ ಆಪರೇಷನ್ ಇಟ್ಟುಕೊಳ್ಳುವ ಯೋಚನೆ ನಿಮಗಿದ್ದರೆ ಟಿಕೆಟ್ ಮಾಡುವ ಮೊದಲು ಡಾಕ್ಟರ ಹತ್ತಿರ ಈ ಮಾತು ಆಡಿ.

ಈಗ ಫಲದ ವಿಷಯಕ್ಕೆ ಬರೋಣ. ಆಪರೇಷನ್ನಿಗೆ ಮೊದಲು ನನ್ನ ಬಲಗಿವಿಯ ಕೊರತೆ 63 ಡೆಸಿಬೆಲ್, ಎಡಗಿವಿಯದು 38. ಆರು ತಿಂಗಳ ನಂತರ ಬಲಗಿವಿ 41ಕ್ಕೆ ಬಂತು. ಎಡಗಿವಿ ಇದ್ದ ಹಾಗೇ ಇದೆ. ಅಂದರೆ ಮೊದಲು ನನಗಿದ್ದ ಒಳ್ಳೆಯ ಕಿವಿಗಿಂತ ಈಗಿನ ಬಲಗಿವಿ ಇನ್ನೂ ಮೂರು ಡೆಸಿಬೆಲ್ ಹಿಂದೆ. ಈ ಕಾಗದ ನೋಡಿದ ನಮ್ಮ ಪರಿಚಯದವರೊಬ್ಬರು, "ಇಷ್ಟೇನಾ? ಇಷ್ಟಕ್ಕೆ ಅಷ್ಟು ಕಷ್ಟಪಟ್ಟಿರಾ?" ಅಂದರು.

ಅವರಿಗೆ ಉತ್ತರ ಹುಡುಕುವಾಗ ಸಿಕ್ಕಿದ್ದು ಬೆಲ್‌ಫಾಸ್ಟಿನ ಒಂದು ಅಧ್ಯಯನ. 1985ರಲ್ಲಿ ಸ್ಮಿತ್ ಮತ್ತು ಪ್ಯಾಟರ್ಸನ್ ಎಂಬ ವೈದ್ಯರು ನಡುಗಿವಿಯ ಆಪರೇಷನ್ನಿನ ಫಲದ ಬಗ್ಗೆ ರೋಗಿ ಮತ್ತು ಶಸ್ತ್ರವೈದ್ಯರ ಅಭಿಪ್ರಾಯ ಒಂದೇ ಆಗಿರುತ್ತದೆಯೇ ಎಂದು ಕೇಳಿದರು. ಅದರಿಂದ ಹೊರಟ ಲೆಕ್ಕವನ್ನು ಇಂದಿಗೂ ಬೆಲ್‌ಫಾಸ್ಟ್ ಸೂತ್ರ ಅನ್ನುತ್ತಾರೆ: ಆಪರೇಷನ್ ಆದ ಕಿವಿಯ ಕೊರತೆ 30 ಡೆಸಿಬೆಲ್‌ಗೆ ಇಳಿಯಬೇಕು, ಇಲ್ಲವೇ ಎರಡು ಕಿವಿಗಳ ನಡುವಿನ ಅಂತರ 15 ಡೆಸಿಬೆಲ್‌ಗಿಂತ ಕಡಿಮೆಯಾಗಬೇಕು, ಆಗ ರೋಗಿಗೆ ನಿಜವಾಗಿ ಉಪಯೋಗವಾಯಿತು ಅನ್ನಿಸುವ ಸಂಭವ ಹೆಚ್ಚು. ನನ್ನ ಅಂತರ 25 ಇದ್ದದ್ದು 3ಕ್ಕೆ ಇಳಿದಿದೆ. ಎರಡೂ ಕಿವಿ ಜೋಡಿ ಎತ್ತುಗಳಂತೆ ಒಟ್ಟಿಗೆ ಎಳೆಯುವಾಗ ಸದ್ದು ಯಾವ ಕಡೆಯಿಂದ ಬಂತು ಅನ್ನುವುದು ತಿಳಿಯುತ್ತದೆ. ರುಮೈಥಿಯಾದಲ್ಲಿ ಸಂಜೆ ಎರಡು ಮೂರು ಮಸೀದಿಗಳಿಂದ ಒಂದರ ಹಿಂದೊಂದು ಬಾಂಗ್ ಕೇಳುತ್ತದೆ. ಯಾವುದು ನಮ್ಮ ಬೀದಿಯದು, ಯಾವುದು ಜಮೀಯಾದ ಕಡೆಯದು ಅಂತ ಹತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾಯಿತು. ರಸ್ತೆ ದಾಟುವಾಗ ಹಾರ್ನ್ ಬಂದರೆ ಎರಡೂ ಕಡೆ ಗಾಬರಿಯಿಂದ ನೋಡುವುದು ತಪ್ಪಿತು. ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿದ್ದರೂ ಸಾಸಿವೆ ಸಿಡಿಯುವುದು ಕೇಳುತ್ತದೆ.

ಇನ್ನು ಒಣಗಿದ ಕಿವಿಯ ಸುಖ. ಸೋರುವ ಕಿವಿಗೆ ವಾಸನೆ ಇರುತ್ತದೆ. ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಕಾರ್ಯಕ್ರಮಗಳಲ್ಲಿ ಯಾವಾಗಲೂ ಸಾಲಿನ ಬಲತುದಿಯಲ್ಲೇ ಕೂರುತ್ತಿದ್ದೆ. ನನ್ನ ಬಲಗಡೆ ಯಾರೂ ಬರಬಾರದು. ಯಾರದಾದರೂ ಮನೆಗೆ ಹೋಗಿ ಉಳಿಯುವುದಾದರೆ ದಿಂಬಿನ ಮೇಲೆ ಹಾಸಲು ನನ್ನದೇ ಟವೆಲ್ ಒಯ್ಯುತ್ತಿದ್ದೆ. ಮಗಳು ಬಲಗಡೆಯಿಂದ ತಬ್ಬಿಕೊಂಡರೆ ಮುಖ ತಿರುಗಿಸುತ್ತಿದ್ದೆ. ಇದು ಯಾವ ಡೆಸಿಬೆಲ್ ಪಟ್ಟಿಯಲ್ಲೂ ಬರುವುದಿಲ್ಲ.

ಇದನ್ನೂ ಅಳೆಯಬೇಕು ಅಂತ ವೈದ್ಯರಿಗೂ ಅನ್ನಿಸಿದೆ. ಗ್ಲಾಸ್ಗೋದಲ್ಲಿ ತಯಾರಾದ 18 ಪ್ರಶ್ನೆಗಳ ಒಂದು ಪಟ್ಟಿ ಚಿಕಿತ್ಸೆಯಿಂದ ಬದುಕು ಎಷ್ಟು ಸುಧಾರಿಸಿತು, ಎಷ್ಟು ಕೆಟ್ಟಿತು ಅನ್ನುವುದನ್ನು ಮೈನಸ್ 100ರಿಂದ ಪ್ಲಸ್ 100ರವರೆಗೆ ಅಳೆಯುತ್ತದೆ. ಸೋರುವ ಕಿವಿಗೇ ಮೀಸಲಾದ 12 ಪ್ರಶ್ನೆಗಳ ಪಟ್ಟಿಗೆ ಸಿಓಎಂಕ್ಯೂ-12 ಅಂತ ಹೆಸರು. ಸೋರಿಕೆ, ವಾಸನೆ, ಮನೆಯಲ್ಲಿ ಕೇಳುವುದು, ಗುಂಪಿನಲ್ಲಿ ಕೇಳುವುದು, ಕಿವಿಯ ನೋವು, ತಲೆಸುತ್ತು, ಕಿವಿಯೊಳಗಿನ ಗುಂಯ್ ಸದ್ದು, ಸ್ನಾನಕ್ಕೆ ತೊಂದರೆ, ಎಷ್ಟು ಸಲ ಡಾಕ್ಟರ ಹತ್ತಿರ ಓಡಬೇಕು, ಮನಸ್ಸು ಎಷ್ಟು ಕುಗ್ಗುತ್ತದೆ, ಇಂಥವೇ ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ 0ಯಿಂದ 5, ಒಟ್ಟು 60. ಅಂಕ ಹೆಚ್ಚಾದಷ್ಟೂ ಕಷ್ಟ ಹೆಚ್ಚು. ನಾನೂ ಗುರುತು ಹಾಕಿ ನೋಡಿದೆ: ಮೊದಲಿನ ಸ್ಥಿತಿಗೆ 41, ಒಂದು ವರ್ಷದ ನಂತರ 14. "ಇಷ್ಟೇನಾ" ಅಂದವರಿಗೆ ಈ ಎರಡು ಅಂಕಿ ಹೇಳಿದೆ.

ಉಳಿದ ಹದಿನಾಲ್ಕು ಯಾವುದು ಅನ್ನುವುದನ್ನೂ ಹೇಳಬೇಕು. ಕಿವಿಯೊಳಗಿನ ಜೀರುಂಡೆ ಸದ್ದು ಕಡಿಮೆಯಾಗಿದೆ, ಹೋಗಿಲ್ಲ. ದೊಡ್ಡ ಸಭಾಂಗಣದಲ್ಲಿ ಮೈಕ್, ಮಕ್ಕಳ ಗಲಾಟೆ, ಊಟದ ತಟ್ಟೆಗಳ ಸದ್ದು ಸೇರಿದರೆ ಎದುರಿನವರ ಮಾತು ಈಗಲೂ ಜಾರಿಹೋಗುತ್ತದೆ. ತಲೆಸ್ನಾನಕ್ಕೆ ವ್ಯಾಸಲೀನ್ ಸವರಿದ ಹತ್ತಿ ಬೇಕೇ ಬೇಕು. ಎಣ್ಣೆಸ್ನಾನ ಮತ್ತೆ ಶುರುವಾಗಿದೆ, ಈಜು ಇಲ್ಲ. ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ಕಿವಿಯ ಹಿಂದಿನ ಮೂಳೆಯನ್ನೂ ಕೊರೆದು ತೆರೆದ ಗುಳಿ ಬಿಟ್ಟವರಿಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅವರು ಆಗಾಗ ಹೋಗಿ ಸ್ವಚ್ಛ ಮಾಡಿಸಬೇಕು; ತಣ್ಣೀರು, ಏಸಿಯ ತಣ್ಣನೆ ಗಾಳಿ ನೇರವಾಗಿ ಹೊಕ್ಕರೂ ತಲೆ ಸುತ್ತಬಹುದು. ಕಿವಿ ಒಣಗಿದ್ದರಿಂದ ಇನ್ನೊಂದು ಬಾಗಿಲು ತೆರೆಯಿತು: ಶ್ರವಣಯಂತ್ರ. ಸೋರುವ ಕಿವಿಗೆ ಅದನ್ನು ಸಿಕ್ಕಿಸುವುದು ಕಷ್ಟ, ಸೋರಿಕೆ ಹೆಚ್ಚುತ್ತದೆ. ಈಗ ಶಾಲೆಯ ಸಭೆಗಳಿಗೆ ನಾನು ಯಂತ್ರ ಹಾಕಿಕೊಂಡೇ ಬರುತ್ತೇನೆ, ನೀವು ನೋಡಿರುತ್ತೀರಿ. ಕನ್ನಡಕಕ್ಕಿಲ್ಲದ ನಾಚಿಕೆ ಇದಕ್ಕೇಕೆ?

ಇಷ್ಟೆಲ್ಲ ಬರೆದದ್ದು ಮುಖ್ಯವಾಗಿ ಮುಂದಿನ ಮಾತಿಗಾಗಿ. ಇದು ಕನ್ನಡ ಶಾಲೆಯ ಪತ್ರಿಕೆ, ಹಾಗಾಗಿ ಇಲ್ಲೇ ಹೇಳಬೇಕು.

ನನ್ನ ಮಗಳು ಮಾತು ಕಲಿತದ್ದು ಕೇಳದ ಕಿವಿಯ ಅಮ್ಮನ ಜೊತೆ. ನನ್ನ ಹತ್ತಿರ ಅವಳು ಗಟ್ಟಿಯಾಗಿ, ಎರಡು ಮೂರು ಪದಗಳಲ್ಲಿ ಮಾತಾಡುತ್ತಿದ್ದಳು: "ಅಮ್ಮಾ, ಹಸಿವು." "ಅಮ್ಮಾ, ಶೂ ಎಲ್ಲಿ?" ಶಾಲೆಯಲ್ಲಿ ನಡೆದ ಜಗಳ, ಗೆಳತಿಯ ಗುಟ್ಟು, ರಾತ್ರಿಯ ಕನಸು ಇವನ್ನೆಲ್ಲ ಅಪ್ಪನಿಗೆ ಹೇಳುತ್ತಿದ್ದಳು, ಅದೂ ಇಂಗ್ಲಿಷಿನಲ್ಲಿ. ನಾನು "ಏನಂದೆ?" ಅಂತ ಕೇಳಿದರೆ "ಏನಿಲ್ಲ ಬಿಡಮ್ಮ" ಅನ್ನುತ್ತಿದ್ದಳು. ಕಿವಿ ಕೇಳದವರ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ಅದು. ಹೇಳುವವರಿಗೆ ಅದರಲ್ಲಿ ಕೋಪ ಇರುವುದಿಲ್ಲ, ಮತ್ತೆ ಹೇಳುವ ಶ್ರಮ ಬೇಡ ಅಂತ ಅಷ್ಟೇ. ಕೇಳುವವರಿಗೆ ಮಾತ್ರ ಬಾಗಿಲು ಮುಚ್ಚಿದಂತಾಗುತ್ತದೆ. ನಮ್ಮ ಮನೆಯಲ್ಲಿ ಕನ್ನಡ ಅಂದರೆ ಅಮ್ಮ, ಅಮ್ಮ ಅಂದರೆ ಸಣ್ಣ ಸಣ್ಣ ಮಾತು. ಹೀಗೆ ಮನೆಯ ಕನ್ನಡವೇ ಸಣ್ಣದಾಯಿತು. ಕನ್ನಡ ಶಾಲೆಗೆ ಸೇರಿದಾಗ ಅವಳಿಗೆ ಅಕ್ಷರ ಬೇಗ ಬಂತು, ಆದರೆ ಟೀಚರ್ "ನಿನ್ನೆ ಏನು ಮಾಡಿದೆ, ಹೇಳು" ಅಂದರೆ ಒಂದು ಉದ್ದ ವಾಕ್ಯ ಹೊರಡುತ್ತಿರಲಿಲ್ಲ.

ಹೊರಗೂ ಹೀಗೇ ಇತ್ತು. ಕೌಂಟರಿನಲ್ಲಿ, ಬಕಾಲದಲ್ಲಿ ನನ್ನ ಪರವಾಗಿ ಅವಳೇ ಉತ್ತರ ಕೊಡುತ್ತಿದ್ದಳು. ಕುವೈತಿನ ಅರಬ್ಬಿಯಲ್ಲಿ ನಾನು ಕಲಿತ ಮೊದಲ ಪದ "ಶಿನು?", ಅಂದರೆ "ಏನು?". ಅದಕ್ಕೆ ಬಂದ ಉತ್ತರ ಕೇಳಿಸಿಕೊಳ್ಳುವ ಕೆಲಸ ಮಗಳದಾಗಿತ್ತು.

ಆಪರೇಷನ್ ಆಗಿ ಬಂದ ಮೇಲೂ ಮನೆಯವರ ಅಭ್ಯಾಸ ಹಾಗೆಯೇ ಇತ್ತು. ಮಗಳು ಕೂಗಿ ಮಾತಾಡುವುದು ಬಿಡಲಿಲ್ಲ. ನಮ್ಮ ಮನೆಯವರು ನನಗೆ ಬಂದ ಫೋನಿಗೆ ತಾವೇ ಉತ್ತರ ಕೊಡುತ್ತಿದ್ದರು. ಕಿವಿಯ ಗಾಯ ಆರು ವಾರದಲ್ಲಿ ಮಾಯಿತು, ಮನೆಯ ರೂಢಿ ಬದಲಾಗಲು ಆರು ತಿಂಗಳು ಬೇಕಾಯಿತು. ಮೂವರೂ ಕೂತು ಮೂರು ಒಪ್ಪಂದ ಮಾಡಿಕೊಂಡೆವು: ಮುಖ ನೋಡಿ, ಸಾಧಾರಣ ದನಿಯಲ್ಲಿ ಮಾತಾಡುವುದು, ಊಟದ ಹೊತ್ತಿಗೆ ಟಿವಿ ಬಂದ್, "ಏನಿಲ್ಲ ಬಿಡು" ಅನ್ನುವ ಮಾತು ಮನೆಯಲ್ಲಿ ಆಡುವಂತಿಲ್ಲ, ಆಡಿದರೆ ಇಡೀ ಕಥೆ ಮೊದಲಿಂದ ಹೇಳಬೇಕು. ಮಗಳಿಗೆ ಈ ಮೂರನೆಯದು ಆಟವಾಯಿತು. ಅಪ್ಪ ಸಿಕ್ಕಿಬೀಳಲಿ ಅಂತ ಕಾಯುತ್ತಿದ್ದಳು. ಒಂದು ಗುರುವಾರ ರಾತ್ರಿ ದೀಪ ಆರಿಸಿದ ಮೇಲೆ, ನನ್ನ ಬಲಗಡೆ ಮಲಗಿ, ಪಿಸುಮಾತಿನಲ್ಲಿ ತನ್ನ ತರಗತಿಯ ಒಂದು ಜಗಳವನ್ನು ಕನ್ನಡದಲ್ಲಿ ಪೂರ್ತಿ ಹೇಳಿದಳು. ನಡುವೆ ಇಂಗ್ಲಿಷ್ ಬಂತು, ವ್ಯಾಕರಣ ತಪ್ಪಿತು, ಆದರೂ ಕಥೆ ಮುಗಿಯಿತು. ಅವಳಿಗೆ ಹನ್ನೊಂದು ವರ್ಷ. ಅವಳು ಪಿಸುಗುಟ್ಟಿದ್ದು ನನಗೆ ಕೇಳಿಸಿದ್ದು ಅದೇ ಮೊದಲು.

ಓದುಗರೇ, ನಿಮ್ಮ ಮನೆಯಲ್ಲಿ ಕಿವಿಯ ಆಪರೇಷನ್ ಆದವರಿದ್ದರೆ "ಕೇಳಿಸುತ್ತಾ?" ಅಂತ ಒಂದೇ ಪ್ರಶ್ನೆ ಕೇಳಿ ಬಿಡಬೇಡಿ. ಸ್ನಾನಕ್ಕೆ ಹೆದರಿಕೆ ಇದೆಯಾ, ಊಟ ರುಚಿಸುತ್ತಾ, ಆ ಮಗ್ಗುಲಲ್ಲಿ ಮಲಗಲು ಆಗುತ್ತಾ, ತಲೆ ಸುತ್ತುತ್ತಾ, ಜನರ ಜೊತೆ ಕೂರಲು ಮನಸ್ಸಾಗುತ್ತಾ ಅಂತ ಕೇಳಿ. ಡಾಕ್ಟರ ಹತ್ತಿರ ಹೋಗುವಾಗ ಇವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆಡಿಯೋಗ್ರಾಮಿನ ಗೆರೆಯಲ್ಲಿ ಇವು ಕಾಣುವುದಿಲ್ಲ.

ಮಕ್ಕಳ ಬಗ್ಗೆಯೂ ಒಂದು ಮಾತು. ಕಿವಿ ಸೋರದೆಯೂ ತಮಟೆಯ ಹಿಂದೆ ಅಂಟು ದ್ರವ ತುಂಬಿ ಮಗುವಿಗೆ ಮಂದವಾಗಿ ಕೇಳಬಹುದು. ನೋವೂ ಇರುವುದಿಲ್ಲ, ಮಗು ದೂರುವುದೂ ಇಲ್ಲ. ಟಿವಿಯ ಸದ್ದು ಏರಿಸುವ, ಹಿಂದಿನಿಂದ ಕರೆದರೆ ತಿರುಗದ, ಉಕ್ತಲೇಖನದಲ್ಲಿ ಮಾತ್ರ ಮತ್ತೆ ಮತ್ತೆ ಅಕ್ಷರ ಬಿಡುವ ಮಗುವಿಗೆ "ಗಮನ ಇಲ್ಲ" ಅಂತ ಗದರುವ ಮೊದಲು ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ಮನೆಯೊಳಗೆ ಸಿಗರೇಟು, ಶೀಶಾ ಹೊಗೆ ಬೇಡ, ಅದು ಮಕ್ಕಳ ಕಿವಿಯ ಸೋಂಕನ್ನು ಹೆಚ್ಚಿಸುತ್ತದೆ. ಸೋರುವ ಕಿವಿಗೆ ಡಾಕ್ಟರನ್ನು ಕೇಳದೆ ಎಣ್ಣೆ ಬಿಡಬೇಡಿ. ರಜೆಗೆ ಊರಿಗೆ ಹೋದಾಗ ತೋರಿಸುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕಿವಿಯ ಪರೀಕ್ಷೆ, ಶ್ರವಣಯಂತ್ರ, ಮಾತಿನ ತರಬೇತಿ ಎಲ್ಲವೂ ಅಲ್ಲಿ ಒಂದೇ ಕಡೆ ಸಿಗುತ್ತವೆ.

ಮಾರ್ಚ್ 3 ವಿಶ್ವ ಶ್ರವಣ ದಿನ. ಎರಡು ಮೂರರ ಅಂಕಿ ಪಕ್ಕಪಕ್ಕ ಬರೆದರೆ ಎರಡು ಕಿವಿಯಂತೆ ಕಾಣುತ್ತದೆ ಅಂತ ಆ ದಿನವನ್ನು ಆರಿಸಿದ್ದಾರಂತೆ. ಮುಂದಿನ ಮಾರ್ಚಿನಲ್ಲಿ ನಮ್ಮ ಶಾಲೆಯ ಮಕ್ಕಳಿಗೆಲ್ಲ ಒಮ್ಮೆ ಕಿವಿ ಪರೀಕ್ಷೆ ಮಾಡಿಸಬಹುದೇ ಅಂತ ಪೋಷಕರೆಲ್ಲ ಯೋಚಿಸೋಣ. ಓಡಾಟದ ಕೆಲಸಕ್ಕೆ ನಾನು ಸಿದ್ಧ. ಫೋನ್ ಮಾಡಿ, ಈಗ ನಾನೇ ಎತ್ತುತ್ತೇನೆ.